ಮುಂದಿನೆರಡು ನಿನ್ನವು, ಹಿಂದಿನೆರಡು ನನ್ನವು

ಬುಧವಾರ ಬೆಳಿಗ್ಗೆ ಹಿಂದಿನ ಎಡಗಡೆಯ ಟೈರು ಒಡೆದಾಗ ನರ್ಸಮ್ಮ ಗಾಬರಿಯಾಗಲಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು. ಜಾಕ್ ಕೊಟ್ಟು, ನಟ್ಟು ಬಿಚ್ಚಿ, ಸ್ಟೆಪ್ನಿ ಹಾಕಿ, ಸೊಂಟ ನೆಟ್ಟಗೆ ಮಾಡಿಕೊಂಡು ಹಿಂದಿನಿಂದ ನೋಡಿದಾಗ ಸಿಟ್ಟು ನೆತ್ತಿಗೇರಿತು. ಬಲಗಡೆ ಅಗಲದ ಟೈರು, ಎಡಗಡೆ ಸಣ್ಣದು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಮೆಟ್ಟಿದವನ ಹಾಗೆ ನಿಂತಿತ್ತು ಕಾರು. ಮುಂದಿನೆರಡು ಚಕ್ರ ಒಂದಳತೆ, ಹಿಂದಿನೆರಡು ಇನ್ನೊಂದಳತೆ. ಸ್ಟೆಪ್ನಿ ಮುಂದಿನವುಗಳ ಪಕ್ಷ.

ಹಿಂದಿನ ಚಕ್ರಗಳು ಹೀಗೆ ಎಡವಟ್ಟಾಗಿದ್ದರೆ ಜೋರಾಗಿ ಓಡಿಸಬಾರದು. ಆಮೆಯ ಹಾಗೆ ತೆವಳಿಕೊಂಡು ಅವಳು ಮೊದಲನೆಯ ಮನೆ ಮುಟ್ಟುವಾಗ ಒಂದೂವರೆ ಗಂಟೆ ತಡವಾಗಿತ್ತು. ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ. ಆ ಮನೆಯ ಮುದುಕ, ಇನ್ನೇನು ಬಂದೇಬಿಡುತ್ತಾಳೆ ಎಂದು ತಾನೇ ಹಳೆಯ ಪಟ್ಟಿ ಬಿಚ್ಚಿಕೊಂಡು, ಹಸಿ ಗಾಯದ ಕಾಲನ್ನು ಸ್ಟೂಲಿನ ಮೇಲಿಟ್ಟು, ನೊಣ ಓಡಿಸುತ್ತ ಕೂತಿದ್ದ. ಬೈಯಲಿಲ್ಲ. "ಬಂದ್ಯಲ್ಲಮ್ಮ, ಸಾಕು" ಎಂದ. ಬೈದಿದ್ದರೇ ಚೆನ್ನಾಗಿತ್ತು ಎನಿಸಿ ಅವಳಿಗೆ ತಲೆ ಎತ್ತಲಾಗಲಿಲ್ಲ.

ಆ ಅಗಲದ ಟೈರು ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ತರಿಸಬೇಕು, ಮೂರು ದಿನ ಎಂದರು. ಮೂರು ದಿನ ಅವಳು ಎರಡು ಕೈಯಲ್ಲಿ ಎರಡು ಬ್ಯಾಗು ಹಿಡಿದು ಬಸ್ಸು ಹತ್ತಿ ಇಳಿದಳು. ಅಗಲದ ಟೈರಿನ ಮೋಹ ಯಾರಿಗೆ ಎಂದರೆ ಗಂಡನಿಗೆ. ಅವನು ನೀರು ಸರಬರಾಜಿನ ಕಚೇರಿಯಲ್ಲಿ ಗುಮಾಸ್ತ, ಹತ್ತು ನಿಮಿಷ ನಡೆದರೆ ಕುರ್ಚಿ. ಕಾರು ಅವನಿಗೆ ಭಾನುವಾರದ ಬಾಬತ್ತು. ಅದನ್ನು ತೊಳೆದು, ಹತ್ತು ಹೆಜ್ಜೆ ಹಿಂದೆ ಸರಿದು, ಅದರ ಹಿಂಭಾಗ ನೋಡಿ ಖುಷಿಪಡುವುದೇ ಅವನ ಸವಾರಿ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಭಾನುವಾರ ಇಬ್ಬರೂ ಟೈರಿನ ಅಂಗಡಿಗೆ ಹೋದರು. ಅಂಗಡಿಯವನಿಗೆ ಪಂಚರ್ ಮೇಷ್ಟ್ರು ಎಂದು ಹೆಸರು, ಗಾಳಿ ತುಂಬಿಸಲು ಬಂದವರಿಗೂ ಪಾಠ ಮಾಡದೆ ಬಿಡುವವನಲ್ಲ. ಅವನು ಬಗ್ಗಿ ನಾಲ್ಕೂ ಚಕ್ರ ಸವರಿ ನೋಡಿದ.

"ನಾಲ್ಕೂ ಹೋಗಿವೆ ಅಕ್ಕ. ಹಿಂದಿನವು ಸವೆದು ಬೋಳಾಗಿವೆ, ಮುಂದಿನವು ವಯಸ್ಸಾಗಿ ಬಿರಿದಿವೆ. ರಿಮ್ಮು ನಾಲ್ಕೂ ಒಂದೇ ಅಗಲ ಇದೆ, ಎರಡಳತೇಲಿ ಯಾವುದು ಹಾಕಿದ್ರೂ ಕೂರುತ್ತೆ. ಏನು ಮಾಡ್ಲಿ?"

"ನಾಲ್ಕೂ ಒಂದೇ ಹಾಕಿ" ಎಂದಳು ಅವಳು. "ಹಿಂದಿನವು ಬೇಗ ಸವೀತವೆ, ಆಗಾಗ ಮುಂದಕ್ಕೆ ಬದಲಾಯಿಸ್ಕೋಬಹುದು. ಸ್ಟೆಪ್ನಿನೂ ಎಲ್ಲಿಗೆ ಬೇಕಾದ್ರೂ ಆಗುತ್ತೆ."

ಗಂಡ ಗಂಟಲು ಸರಿಮಾಡಿಕೊಂಡ. "ಇಂಜಿನ್ ತಿರುಗಿಸೋದು ಹಿಂದಿನ ಚಕ್ರಾನ. ಅಲ್ಲಿ ಅಗಲ ಇದ್ರೆ ಹಿಡಿತ ಜಾಸ್ತಿ. ಅಲ್ಲದೆ ಹಿಂದಿನಿಂದ ನೋಡಿದ್ರೆ ಗಾಡಿ ನೆಲ ಕಚ್ಚಿ ಕೂತ ಹಾಗೆ ಕಾಣುತ್ತೆ."

"ಹಿಂದಿನಿಂದ ನೋಡೋರು ನೀವು. ಒಳಗೆ ಕೂತು ಹೋಗೋಳು ನಾನು."

"ಇಬ್ಬರ ಮಾತೂ ಸರಿಯೇ" ಎಂದ ಮೇಷ್ಟ್ರು, ವ್ಯಾಪಾರ ಬಲ್ಲವನು.

ಅವರ ಮನೆಯಲ್ಲಿ ಇಂಥ ಹೊತ್ತಿಗೆಂದೇ ಒಂದು ಕಾಯಿದೆ ಇತ್ತು. ಮಾಡಿದವರು ಮಾವ. ಜಮೀನು ಅಳೆಯುವ ಸರ್ವೆಯರ್ ಆಗಿದ್ದ ಆ ಮಹಾನುಭಾವರು ಜೀವಮಾನವೆಲ್ಲ ಅಕ್ಕಪಕ್ಕದವರ ತಕರಾರಿನ ನಡುವೆ ಕಲ್ಲು ನೆಟ್ಟವರು. ಸೊಸೆ ಬಂದ ವಾರದಲ್ಲೇ ಮಗನನ್ನೂ ಅವಳನ್ನೂ ಎದುರಿಗೆ ಕೂರಿಸಿಕೊಂಡು, ಎತ್ತು ಏರಿಗೆ ಕೋಣ ನೀರಿಗೆ ಆಗಬಾರದು, ಮಾತು ಬೆಳೆಸದೆ ನಡುವೆ ಗೆರೆ ಎಳೆಯಿರಿ, ಅರ್ಧ ಅವನದು, ಅರ್ಧ ನಿನ್ನದು ಎಂದಿದ್ದರು. ಮಾವ ತೀರಿಕೊಂಡು ಎಂಟು ವರ್ಷವಾದರೂ ಕಾಯಿದೆ ಗುಂಡುಕಲ್ಲಿನ ಹಾಗಿತ್ತು.

"ಸರಿ, ಯಾಕೆ ಎಳೆದಾಟ" ಎಂದ ಗಂಡ, ನಗುಮುಖದಿಂದಲೇ. "ಮುಂದಿನೆರಡು ನಿನ್ನಿಷ್ಟ, ಹಿಂದಿನೆರಡು ನನ್ನಿಷ್ಟ. ಮುಗೀತಲ್ಲ?"

"ಆಯ್ತು" ಎಂದಳು ಅವಳು. ಇಪ್ಪತ್ತೆರಡು ವರ್ಷದ ರೂಢಿ, ಬಾಯಿ ತಾನೇ ಹೇಳಿತು.

ಮೇಷ್ಟ್ರು ಸೀಮೆಸುಣ್ಣ ತೆಗೆದು ಮುಂದಿನ ಚಕ್ರಗಳ ಮೇಲೆ ಅಗಲದ ಅಂಕಿ ಇನ್ನೂರ ಇಪ್ಪತ್ತೈದು ಎಂದೂ, ಹಿಂದಿನವುಗಳ ಮೇಲೆ ಇನ್ನೂರ ನಲವತ್ತೈದು ಎಂದೂ ಬರೆದ. ಅವಳು ಆ ಅಂಕಿಗಳನ್ನು ನೋಡಿದಳು. ಬಿಚ್ಚಿ ಎಸೆಯಬೇಕಾಗಿದ್ದ ಹಳೆಯ ಟೈರುಗಳ ಅಂಕಿಗಳೂ ಅವೇ. ಬಂದಾಗ ಹೇಗಿತ್ತೋ ಹೋಗುವಾಗಲೂ ಹಾಗೇ ಇರುತ್ತಿತ್ತು ಕಾರು. ಅವಳಿಗೆ ಬೇಕಾಗಿದ್ದದ್ದು ಇನ್ನೂರ ಇಪ್ಪತ್ತೈದೂ ಅಲ್ಲ, ಇನ್ನೂರ ನಲವತ್ತೈದೂ ಅಲ್ಲ. ನಾಲ್ಕೂ ಒಂದೇ ಇರಬೇಕಿತ್ತು. ಒಂದೇ ಇರಬೇಕು ಎಂಬುದರಲ್ಲಿ ಅರ್ಧ ಎಂಬುದು ಎಲ್ಲಿಂದ ಬರುತ್ತದೆ? ಅರ್ಧ ಒಂದೇ ಎಂದರೆ ಬೇರೆ ಬೇರೆ ಎಂದೇ.

ಅಲ್ಲಿಗೆ ಅವಳ ತಲೆಯಲ್ಲಿ ಏನೋ ಬಿಚ್ಚಿಕೊಂಡಿತು. ಫ್ಯಾನು ಬೇಡ ಎಂದಿದ್ದಳು, ಅವನು ಐದಕ್ಕಿಡು ಎಂದಿದ್ದ, ಎರಡಕ್ಕೋ ಮೂರಕ್ಕೋ ಇಟ್ಟಿದ್ದರು. ಅಂದರೆ ಫ್ಯಾನು ತಿರುಗಿತು. ತಮ್ಮ ಒಂದು ವರ್ಷ ನಮ್ಮಲ್ಲೇ ಇರಲಿ ಎಂದು ಗಂಡ ಹೇಳಿದ್ದ, ಇವಳು ಬೇಡ ಎಂದಿದ್ದಳು, ಮೈದುನ ಆರು ತಿಂಗಳಿದ್ದ. ಆರು ತಿಂಗಳೂ ಅವನ ಶರ್ಟು ಒಗೆದವಳು ಇವಳೇ. ಮಗಳನ್ನು ನಾಲ್ಕು ವರ್ಷ ಹಾಸ್ಟೆಲಿಗೆ ಹಾಕೋಣ ಎಂದಾಗ ಬೇಡವೇ ಬೇಡ ಎಂದು ಅತ್ತಿದ್ದಳು. ಎರಡು ವರ್ಷಕ್ಕೆ ಇತ್ಯರ್ಥವಾಯಿತು. ಹನ್ನೊಂದರ ಮಗು ಹಾಸ್ಟೆಲಿಗೆ ಹೋಯಿತು. ಹದಿಮೂರಕ್ಕೆ ಬಂದವಳು ಏನು ಕೇಳಿದರೂ "ಪರವಾಗಿಲ್ಲಮ್ಮ" ಎನ್ನುವುದನ್ನು ಕಲಿತು ಬಂದಿದ್ದಳು. ಬೇಕು ಎನ್ನುವವನಿಗೆ ಅರ್ಧವಾದರೂ ಸಿಗುತ್ತದೆ. ಬೇಡ ಎನ್ನುವವಳಿಗೆ ಅರ್ಧ ಎಂಬುದೇ ಇಲ್ಲ. ಇಷ್ಟು ಸಣ್ಣ ವಿಷಯ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

"ಮೇಷ್ಟ್ರೇ, ಅಳಿಸಿ ಅದನ್ನ. ನಾಲ್ಕೂ ಒಂದೇ ಹಾಕಿ."

ಮೇಷ್ಟ್ರು ಗಂಡನ ಮುಖ ನೋಡಿದ. ಗಂಡ ಅವಳ ಮುಖ ನೋಡಿದ.

"ಈಗ ತಾನೇ ಆಯ್ತು ಅಂದ್ಯಲ್ಲ?"

"ಅಂದೆ. ತಪ್ಪಾಯ್ತು."

"ಮತ್ತೆ ನನ್ನ ಅರ್ಧ?"

"ಇದಕ್ಕೆ ಅರ್ಧ ಇಲ್ಲ ರೀ. ಒಂದೇ ಇರುತ್ತೆ, ಇಲ್ಲಾ ಇರಲ್ಲ."

ಅವನಿಗೆ ನಿಜವಾಗಿಯೂ ನೋವಾಯಿತು. ಅವನೇನು ಕೆಟ್ಟವನಲ್ಲ, ಅದೇ ಅವಳ ಕಷ್ಟ. ಕೆಟ್ಟವನಾಗಿದ್ದರೆ ಎಂದೋ ಜಾಡಿಸಿಬಿಡುತ್ತಿದ್ದಳು. "ಯಾವತ್ತಾದ್ರೂ ನಿನ್ನ ಮಾತು ತೆಗೆದುಹಾಕಿದೀನಾ ನಾನು?" ಎಂದು ಮೆಲ್ಲಗೆ ಕೇಳಿದ. "ಪ್ರತಿ ಸಲ ಅರ್ಧ ಬಿಟ್ಟುಕೊಟ್ಟಿದೀನಿ."

ಅವಳು ಮಗಳ ವಿಷಯ ಎತ್ತಲು ಬಾಯಿ ತೆರೆದಳು. ಪಕ್ಕದಲ್ಲಿ ಯಾರೋ ಸ್ಕೂಟರಿಗೆ ಗಾಳಿ ಹೊಡೆಸುತ್ತಿದ್ದರು, ಕಂಪ್ರೆಸರ್ ಗಡಗಡ ಎನ್ನುತ್ತಿತ್ತು. ಗ್ರೀಸಿನ ನೆಲದ ಮೇಲೆ, ಮೂರನೆಯವನ ಮುಂದೆ, ಯಾವುದರಿಂದ ಶುರುಮಾಡುವುದು ಎಂದು ತಿಳಿಯದೆ ಬಾಯಿ ಮುಚ್ಚಿಕೊಂಡಳು.

ಅವನು ಸ್ವಲ್ಪ ಹೊತ್ತು ಯೋಚಿಸಿದ. ಮುಖ ತಿಳಿಯಾಯಿತು. "ಸರಿ ಬಿಡು. ಈ ಸಲ ಪೂರ್ತಿ ನಿಂದೇ ಆಗ್ಲಿ. ಮುಂದಿನ ಸಲ ಏನೇ ಬಂದ್ರೂ ಪೂರ್ತಿ ನಂದು. ಅಲ್ಲಿಗೆ ಅರ್ಧ ಅರ್ಧ ಆಯ್ತಲ್ಲ."

ಮೇಷ್ಟ್ರು ಅಂಕಿ ಅಳಿಸಿ, ಇನ್ನೂರ ಇಪ್ಪತ್ತೈದರ ನಾಲ್ಕು ಟೈರು ಉರುಳಿಸಿಕೊಂಡು ಬಂದ. ಒಂದೊಂದಾಗಿ ಕೂರಿಸಿದ, ಗಾಳಿ ಹೊಡೆದ, ನಟ್ಟು ಬಿಗಿದ. ಅವಳು ಗೆದ್ದಿದ್ದಳು. ಗೆದ್ದದ್ದೂ ಮುಂದಿನ ಸಲ ತೀರಿಸಬೇಕಾದ ಸಾಲದ ಹಾಗಿತ್ತು.

ಗಂಡನಿಗೆ ಮಾತ್ರ ದೊಡ್ಡ ವ್ಯಾಜ್ಯ ತೀರಿಸಿದ ನೆಮ್ಮದಿ. ಬಾಗಿಲಿಗೆ ಒರಗಿ ನಿಂತು ಮೇಷ್ಟ್ರಿಗೆ ಹೇಳಿದ: "ಬೇರೆಯವರಾಗಿದ್ರೆ ಇಷ್ಟಕ್ಕೇ ರಂಪ ಆಗಿರೋದು. ನಮ್ಮಲ್ಲಿ ಜಗಳ ಅನ್ನೋದೇ ಇಲ್ಲ ನೋಡಿ."

"ಇದೆ" ಎಂದಳು ಅವಳು.

ಗಂಡ ತಿರುಗಿ ನೋಡಿದ.

"ಇಪ್ಪತ್ತೆರಡು ವರ್ಷದಿಂದ ಇದೆ ರೀ. ನಾನು ಆಡಿರಲಿಲ್ಲ, ಅಷ್ಟೆ. ಕಾರು ಹತ್ತಿ, ಮನೆಗೆ ಹೋಗಿ ಆಡೋಣ."