ಸೀಸದ ಅಂಚು

ಒಂದಾನೊಂದು ಬೀದಿ. ಆ ಬೀದಿಯಲ್ಲಿ ಒಬ್ಬಳು ಅಕ್ಕ, ಒಬ್ಬಳು ತಂಗಿ. ಅಕ್ಕನದು ಪರದೆ ಹೊಲಿಯುವ ಕೆಲಸ. ತಂಗಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕುಟುಕುಟು ತಿನ್ನುವ ಚಪಲ. ಅದಕ್ಕೇ ಮನೆಯಲ್ಲಿ ಅವಳ ಹೆಸರು ಇಲಿಮರಿ. ಆ ಇಲಿಮರಿಗೆ ಹದಿನೇಳು ತುಂಬಿದ ವರ್ಷ ಯಾವ ರಕ್ಕಸಿಯ ಕಣ್ಣು ಬಿತ್ತೋ, ತಟ್ಟೆ ಕಂಡರೆ ಹಾವು ಕಂಡವಳಂತೆ ಹಿಂದೆ ಸರಿಯತೊಡಗಿದಳು. ಕಥೆಯ ರಕ್ಕಸಿಯಾದರೆ ಏಳು ಕೋಟೆಯ ಒಳಗೆ, ಗಿಳಿಯ ಕೊರಳಲ್ಲಿ ಜೀವ ಇಟ್ಟಿರುತ್ತಾಳೆ. ಹುಡುಕಿ ಹಿಸುಕಿದರೆ ಮುಗಿಯಿತು. ಈ ರಕ್ಕಸಿ ಎಲ್ಲಿಟ್ಟಿದ್ದಳೋ, ಯಾರಿಗೆ ಗೊತ್ತು?

ಅಮ್ಮ ಹೋದ ಮೇಲೆ ಅಕ್ಕನೇ ಅಮ್ಮ. ತಂಗಿ ಬರಿಯ ಮೂಳೆಚಕ್ಕಳವಾದಾಗ ಡಾಕ್ಟರಮ್ಮ ವಾರ್ಡಿಗೆ ಸೇರಿಸಿ ಎಂದರು. ತಂಗಿ ಅತ್ತು ರಂಪ ಮಾಡಿದಳು. "ಬೇಡ ಡಾಕ್ಟ್ರಮ್ಮ, ಹೆದರ್ತಾಳೆ. ಮನೇಲೇ ನಾನು ತಿನ್ನಿಸ್ತೀನಿ" ಎಂದು ಅಕ್ಕ ಹೊಣೆ ಹೊತ್ತಳು. ಗುರುವಾರ ಗುರುವಾರ ಆಸ್ಪತ್ರೆಯಲ್ಲಿ ತೂಕ ನೋಡಿ ಚೀಟಿಯಲ್ಲಿ ಬರೆಯುವುದು. ಏರಿದರೆ ಮನೆ, ಇಳಿದರೆ ವಾರ್ಡು ಎಂದು ಮಾತಾಯಿತು.

ತೂಕ ಏರಿತು! ಒಂದು ವಾರ ಚೂರು, ಮುಂದಿನ ವಾರ ಮತ್ತೊಂದು ಚೂರು. ಕೈಗೆ ಕೆಲಸವಿದ್ದರೆ ಮನಸ್ಸು ಹಗುರಾದೀತೆಂದು ಅಕ್ಕ ಅವಳನ್ನು ಮಿಷನ್ನಿನ ಪಕ್ಕ ಕೂರಿಸಿಕೊಂಡು ಕಾಣದ ಹೊಲಿಗೆಯನ್ನು ಮೊದಲ ವಾರವೇ ಕಲಿಸಿದ್ದಳು. ಹೊರಗೆ ಒಂದು ಎಳೆಯೂ ತೋರದ, ಬೆರಳಿಗೆ ಮಾತ್ರ ತಿಳಿಯುವ ಹೊಲಿಗೆ ಅದು. ತಂಗಿ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳತೊಡಗಿದಳು. ಅದೂ ಅಕ್ಕನಿಗೆ ಹಿಗ್ಗೇ. ಆಸ್ಪತ್ರೆಯ ದಾರಿಯಲ್ಲಿ ಮುಂದೆ ನಡೆಯುತ್ತಿದ್ದ ತಂಗಿಯ ಉದ್ದ ಲಂಗ ಗಾಳಿಗೂ ಅಲುಗದೆ ನೆಟ್ಟಗೆ ಇಳಿಬಿದ್ದಿದ್ದನ್ನು ಕಂಡು, "ನೋಡು, ಸೊಂಟಕ್ಕೆ ಮಾಂಸ ಬಂತು, ಲಂಗಕ್ಕೆ ಕಳೆ ಬಂತು" ಎಂದಳು. ಪರದೆ ಹೊಲಿಯುವವಳು, ಬಟ್ಟೆ ಬೀಳುವ ರೀತಿ ನೋಡಿಯೇ ಹೊಟ್ಟೆಪಾಡು ನಡೆಸುವವಳು, ಹಾಗೆಂದಳು.

ಆದರೆ ತಂಗಿ ಎರಡು ಸಲ ತಲೆತಿರುಗಿ ಬಿದ್ದಳು. ಓದಿದ ಪುಟವನ್ನೇ ಮತ್ತೆ ಮತ್ತೆ ಓದಿದಳು. "ತೂಕ ಏರ್ತಿದೆ, ಹುಡುಗಿ ಬೀಳ್ತಿದ್ದಾಳೆ, ಇದೇನು ಒಗಟು?" ಎಂದು ಡಾಕ್ಟರಮ್ಮ ತಲೆಯ ಸ್ಕ್ಯಾನ್ ಬರೆದುಕೊಟ್ಟರು.

ಸ್ಕ್ಯಾನ್ ಕೋಣೆಯ ಹೊರಗೆ ನರ್ಸು ತಂಗಿಗೆ ಆಸ್ಪತ್ರೆಯ ಗೌನು ತೊಡಿಸಿ, ಕಳಚಿದ ಲಂಗವನ್ನು ಎತ್ತಿಕೊಂಡಳು. "ಅಬ್ಬಾ! ಏನಮ್ಮ, ಬೀಗದ ಕೈ ಗೊಂಚಲೆಲ್ಲ ಇದರಲ್ಲೇ ಹೊಲ್ಕೊಂಡಿದ್ದೀಯಾ? ಹಿಡ್ಕೊಳ್ಳಿ ತಾಯಿ, ನನ್ನ ಕೈ ಬಿದ್ದುಹೋಗುತ್ತೆ."

ಅಕ್ಕ ಹಿಡಿದುಕೊಂಡಳು. ಬೆರಳು ತಾನಾಗಿ ಕೆಳಗಿನ ಅಂಚಿಗೆ ಹೋಯಿತು. ಸೀಸದ ಮಣಿಗಳ ಸರ. ಪರದೆ ಹಾರಾಡದಿರಲೆಂದು ಅಂಚಿನೊಳಗೆ ಕೂರಿಸುವ ಸರ, ಒಂದರ ಪಕ್ಕ ಒಂದು, ನಾಲ್ಕು ಸುತ್ತು. ಹೊರಗೆ ಒಂದು ಎಳೆಯೂ ಕಾಣದು. ಹೊಲಿಗೆ ಎಷ್ಟು ಚೊಕ್ಕವಾಗಿತ್ತೆಂದರೆ, ಅಕ್ಕನಿಗೆ ಮೊದಲು ಮೂಡಿದ್ದು ಮೆಚ್ಚುಗೆ. ಆಮೇಲೆ ತೂಕದ ಚೀಟಿ ನೆನಪಾಯಿತು.

ಸ್ಕ್ಯಾನ್ ಮುಗಿಸಿ ಬಂದ ತಂಗಿ ಅಕ್ಕನ ಮುಖ ನೋಡಿಯೇ ಗೋಡೆಗೆ ಒರಗಿದಳು.

"ಎಷ್ಟು ವಾರದಿಂದ?"

"ಆರು."

"ಅಂದ್ರೆ ಮೊದಲ್ನೇ ವಾರದಿಂದ್ಲೇ. ನಾನು ಬೀದಿಗೆಲ್ಲ ನನ್ನ ಕೈಗುಣ ಅಂತ ಜಂಬ ಕೊಚ್ಕೊಂಡೆನಲ್ಲೇ! ತಟ್ಟೆ ಖಾಲಿ ಆಗ್ತಿತ್ತಲ್ಲ, ಅದೆಲ್ಲಿಗೆ ಹೋಗ್ತಿತ್ತು?"

ತಂಗಿ ಗೌನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನನ್ನ ಹತ್ರ ಕಲ್ತು, ನನ್ನ ಡಬ್ಬೀಲೇ ಮಣಿ ಕದ್ದು, ನನ್ನ ಕಣ್ಣಿಗೇ ಹೊಲಿಗೆ ಹಾಕ್ದೆ."

"ಅಕ್ಕಾ, ನೀನು ಹೇಳ್ಬೇಡ. ನಾನೇ ಡಾಕ್ಟ್ರಿಗೆ ಹೇಳ್ತೀನಿ. ನಿನ್ನಾಣೆ."

"ನನ್ನಾಣೆ ಯಾಕೆ? ನಾನಿನ್ನೂ ಬದುಕ್ಬೇಕು." ಅಕ್ಕ ಲಂಗವನ್ನು ಮರಳಿ ಕೊಡದೆ ಸುರುಳಿ ಸುತ್ತಿದಳು. "ಸರಿ, ಬಾಯಿ ಮುಚ್ಕೊಂಡಿರ್ತೀನಿ. ನೀನೇ ಹೇಳ್ಬೇಕು. ಹೇಳ್ಲಿಲ್ವೋ, ಇನ್ಮೇಲೆ ನಿನ್ನ ಹೂಂ ಕೂಡ ನಂಗೆ ಊಹೂಂ ಅಂತಲೇ ಕೇಳ್ಸುತ್ತೆ."

ಡಾಕ್ಟರಮ್ಮನ ಕೋಣೆಯ ಕಂಪ್ಯೂಟರಿನ ಮೇಲೆ ತಂಗಿಯ ಮಿದುಳು ಬೂದು ಬಣ್ಣದಲ್ಲಿ ಮೂಡಿತ್ತು. "ಗೆಡ್ಡೆ ಗಿಡ್ಡೆ ಏನೂ ಇಲ್ಲ. ಆದ್ರೆ ಈ ಹೊರ ಅಂಚು ನೋಡಿ, ಈ ವಯಸ್ಸಿಗೆ ಇನ್ನೂ ದಪ್ಪ ಇರ್ಬೇಕಿತ್ತು. ತೆಳ್ಳಗಾಗಿದೆ. ಮಡಿಕೆಗಳ ನಡುವೆ ಸಂದು ಬಿಟ್ಟಿದೆ. ನಡುವೆ ಈ ಕಪ್ಪು ಗೂಡುಗಳಿವೆಯಲ್ಲ, ಅವುಗಳಲ್ಲಿ ನೀರಿರುತ್ತೆ. ಮಿದುಳು ಕುಗ್ಗಿದಷ್ಟೂ ಅವು ಅಗಲ ಆಗಿವೆ. ಉಪವಾಸದ ಕೆಲಸ ಇದು."

"ಮತ್ತೆ ತುಂಬ್ಕೊಳ್ಳುತ್ತಾ?" ಎಂದಳು ಅಕ್ಕ.

"ಬಹುಪಾಲು ತುಂಬ್ಕೊಳ್ಳುತ್ತೆ, ಮೈಗೆ ಊಟ ಹತ್ತಿ ತೂಕ ಏರಿ ನಿಂತ್ರೆ. ಚೀಟಿ ನಂಬೋದಾದ್ರೆ ತೂಕ ಏರ್ತಾ ಇದೆ, ಮನೇಲೇ ಮುಂದುವರಿಸ್ಬಹುದು." ಅವರು ತಂಗಿಯ ಕಡೆ ತಿರುಗಿದರು. "ತಿಂತಾ ಇದೀಯಲ್ವಾ?"

ಅಕ್ಕ ಮಡಿಲಲ್ಲಿದ್ದ ಲಂಗದ ಸುರುಳಿಯನ್ನು ಅದುಮಿ ಹಿಡಿದಳು.

"ಹೂಂ" ಎಂದಳು ತಂಗಿ.

ಅಕ್ಕನ ತುಟಿಯವರೆಗೂ ಬಂದ ಮಾತು ಅಲ್ಲೇ ನಿಂತಿತು. ಕೊಟ್ಟ ಮಾತು ಇಬ್ಬರದಲ್ಲವೇ? ತಾನೂ ಮುರಿದರೆ ಉಳಿಯುವುದೇನು? ಬೇರೆಯೇ ಪ್ರಶ್ನೆ ಹೊರಬಿತ್ತು. "ಡಾಕ್ಟ್ರಮ್ಮ, ಸುಳ್ಳು ಹೇಳ್ಸೋ ಜಾಗ ಇದರಲ್ಲಿ ಎಲ್ಲಿದೆ? ಒಂದ್ಸಲ ತೋರ್ಸಿ, ನೋಡ್ಬೇಕು."

ಡಾಕ್ಟರಮ್ಮ ನಗಲಿಲ್ಲ. "ಅಂಥ ಜಾಗ ಚಿತ್ರದಲ್ಲಿ ಸಿಗಲ್ಲಮ್ಮ. ಹಸಿದ ಮಿದುಳಿಗೆ ತಾನು ಹಸಿದಿದ್ದೀನಿ ಅಂತ ಒಪ್ಕೊಳ್ಳೋದೇ ಕಷ್ಟ. ಭಯ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ."

"ಹಂಗಾದ್ರೆ ನಾನು ಯಾರನ್ನ ಬೈಲಿ?"

ತಂಗಿ ತನ್ನ ತಲೆಯೊಳಗಿನ ಕಪ್ಪು ಗೂಡುಗಳನ್ನು ನೋಡುತ್ತ ಕೂತಳು. ಅಕ್ಕ ಅವಳ ಕಡೆ ತಿರುಗಲಿಲ್ಲ; ಬಾಗಿಲನ್ನೇ ನೋಡುತ್ತಿದ್ದಳು.

ಆಗ ಅಕ್ಕನ ಮಡಿಲಿನ ಭಾರ ಕಡಿಮೆಯಾಯಿತು. ತಂಗಿ ಎರಡೂ ಕೈಯಲ್ಲಿ ಲಂಗವನ್ನು ಎತ್ತಿ ಮೇಜಿನ ಮೇಲಿಟ್ಟಳು. ದಡ್ ಎಂದಿತು.

"ಇದರ ಅಂಚಲ್ಲಿ ಸೀಸ ಇದೆ, ಡಾಕ್ಟ್ರೇ. ನಾನೇ ಹೊಲಿದಿದ್ದು. ಅಕ್ಕನಿಗೆ ಗೊತ್ತಿರ್ಲಿಲ್ಲ. ಚೀಟೀಲಿ ಏರಿರೋ ತೂಕ ನಂದಲ್ಲ."