ಬೆನ್ನಿಗೆ ನಿಂತವರ ಪಂಕ್ತಿ

ಅಂತರಸಂತೆಯ ಶಿವರುದ್ರಮ್ಮನನ್ನು ಶಿವಕಾಂತಿ ಹಲ್ಲುಪುಡಿಯ ಏಜೆಂಟಾಗಿ ಸೇರಿಸಿದವನು ಕಟ್ಟೆಮಳಲವಾಡಿಯ ಬೆಟ್ಟಸ್ವಾಮಿ. ಅವನನ್ನು ಸೇರಿಸಿದವರು ಹೊಸ ಅಗ್ರಹಾರದ ವೀರಭದ್ರಸ್ವಾಮಿ. ಅವರನ್ನು ಸೇರಿಸಿದವರು ಹುಣಸೂರಿನ ಹಿರಿಯರು, ನೀಲಕಂಠಸ್ವಾಮಿಗಳು. ಸೇರಿಸಿದವರು ಸೇರಿದವರ ಬೆನ್ನಿಗೆ ನಿಲ್ಲಬೇಕೆಂಬುದು ಕಂಪನಿಯ ನಿಯಮ.

ಗಂಡ ತೀರಿಕೊಂಡ ಮೇಲೆ ಐದು ವರ್ಷ ಶಿವರುದ್ರಮ್ಮ ಸಂತೆಯ ಸದ್ದನ್ನು ಹಿತ್ತಲಿನಿಂದಲೇ ಕೇಳಿದ್ದಳು. ಈಗ ಸಂತೆಯಲ್ಲಿ ಅವಳದೇ ಒಂದು ಚಾಪೆಯಷ್ಟು ಜಾಗ. ಮೂರು ಸಂತೆಯೊಳಗೆ ಎರಡು ಡಜನ್ ಡಬ್ಬಿ ಖಾಲಿಯಾಗದಿದ್ದರೆ ಏಜೆನ್ಸಿ ಬೇರೆಯವರಿಗೆ, ಅವಳು ಮತ್ತೆ ಹಿತ್ತಲಿಗೆ.

ಮೊದಲ ಸಂತೆಯ ಬೆಳಿಗ್ಗೆಯೇ ಧೈರ್ಯ ಹೇಳಲು ಬೆಟ್ಟಸ್ವಾಮಿ ಬಸ್ಸಿಳಿದ. ಬಂದವರ ಕಾಲಿಗೆ ನೀರು ಕೊಟ್ಟು, ಪೂಜೆಗೆ ಅಣಿಮಾಡಿ, ಎಲೆ ಹಾಕಬೇಕು. ಎಲೆ ಬರಿದಾದಾಗ ಬಡಿಸಲು ಮನೆಯವರು ಅಲ್ಲಿಯೇ ಇರಬೇಕು. ಅವನು ಉಂಡು, ಉಪದೇಶ ಮುಗಿಸಿ ಏಳುವಷ್ಟರಲ್ಲಿ ಸಂತೆ ಕರಗಿತ್ತು. ವ್ಯಾಪಾರವಾಗಲಿಲ್ಲವೆಂದು ಮರುಗಿ, ಎರಡನೆಯ ಸಂತೆಗೆ ವೀರಭದ್ರಸ್ವಾಮಿಯನ್ನೂ ಕರೆತಂದ. ಅಂದೂ ಆಗಲಿಲ್ಲ.

ಮೂರನೆಯ ಸಂತೆಗೆ ಮೂವರೂ ಬಂದರು.

"ಎದ್ರುಕೋಬ್ಯಾಡ ಕಣಕ್ಕ, ನಾವೆಲ್ಲ ಇದ್ದೀವಿ," ಎಂದ ಬೆಟ್ಟಸ್ವಾಮಿ.

"ಅದೇ ಕಣಪ್ಪ ನನ್ ಎದ್ರಿಕೆ," ಎಂದು ಅವಳು ಎಲೆ ಹಾಕಿದಳು.

"ಗಿರಾಕಿ ಕಂಡ್ರೆ ಮೊದ್ಲು ನಗ್ಬೇಕಮ್ಮ," ಎಂದರು ವೀರಭದ್ರಸ್ವಾಮಿ.

"ಮೊದ್ಲು ಕೈಮುಗಿಯೋದು, ಆಮ್ಯಾಕೆ ನಗೋದು," ಬೆಟ್ಟಸ್ವಾಮಿ ತಿದ್ದಿದ.

"ಗಿರಾಕಿ ತಾವ್ಕೆ ಓದ್ರೆ ತಾನೆ ಸ್ವಾಮಿ, ನಗೋದು?" ಎಂದಳು ಶಿವರುದ್ರಮ್ಮ.

ನೀಲಕಂಠಸ್ವಾಮಿಗಳು ನಕ್ಕರು. ಊರೂರಿಗೆ ಹಲ್ಲುಪುಡಿ ಹಂಚಿದ ಆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

ಶಿವರುದ್ರಮ್ಮ ಆ ಬಾಯನ್ನೇ ಒಂದು ಗಳಿಗೆ ನೋಡಿದಳು. ಎಲೆಗೆ ಬಿದ್ದದ್ದು ಪ್ರಸಾದ, ಚೂರೂ ಬಿಡುವಂತಿಲ್ಲ. ಹಿರಿಯರು ಏಳದೆ ಪಂಕ್ತಿಯಲ್ಲಿ ಯಾರೂ ಏಳುವಂತಿಲ್ಲ. ಅವಳು ಒಳಗಿನಿಂದ ಚಕ್ಕುಲಿಯ ಡಬ್ಬ ತಂದು, ಅನ್ನಕ್ಕೂ ಮೊದಲೇ, ಹಿರಿಯರ ಎಲೆಗೆ ಹನ್ನೆರಡು ಬಡಿಸಿದಳು. ಉಳಿದವರಿಗೂ ರಾಶಿ ಹಾಕಿದಳು. ಎಲೆ ಬರಿದಾಗುವ ಭಯವಿಲ್ಲದ್ದರಿಂದ ಹಲ್ಲುಪುಡಿಯ ಬುಟ್ಟಿ ಹೊತ್ತು ಹೊಸಿಲು ದಾಟಿದಳು.

ಅವಳು ನಗಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಚಾಪೆ ಹಾಸಿ ಕುಳಿತು, ಕೇಳಿದವರ ಅಂಗೈಗೆ ಚಿಟಿಕೆ ಪುಡಿ ಹಾಕಿದಳು. ಬಿಸಿಲು ಇಳಿಯುವ ಹೊತ್ತಿಗೆ ಬುಟ್ಟಿಯಲ್ಲಿ ತಳಕ್ಕೆ ಹಾಸಿದ ಗೋಣಿಚೀಲವಷ್ಟೇ ಉಳಿದಿತ್ತು.

ಮನೆಗೆ ಬಂದಾಗ ಮೂವರೂ ಕುಳಿತೇ ಇದ್ದರು. ಹಿರಿಯರ ಬಾಯಲ್ಲಿ ಹತ್ತನೆಯ ಚಕ್ಕುಲಿ ನೆನೆಯುತ್ತಿತ್ತು.

"ಎಂಗಾಯ್ತಕ್ಕ?" ಕಾಲು ಜೋಮು ಹಿಡಿದಿದ್ದ ಬೆಟ್ಟಸ್ವಾಮಿ ಕೇಳಿದ.

"ಎಲ್ಲಾ ಖರ್ಚಾಯ್ತು ಕಣಪ್ಪ."

"ನಾವು ಬೆನ್ನಿಗಿದ್ದುದ್ಕೆ," ಎಂದರು ವೀರಭದ್ರಸ್ವಾಮಿ.

"ಊಂ ಕಣ್ರೀ. ಇಂಗೇ ಇರಿ."

ನೀಲಕಂಠಸ್ವಾಮಿಗಳು ಕೈಯೆತ್ತಿದರು. ಬಾಯಲ್ಲಿದ್ದುದು ಕರಗುವವರೆಗೆ ಎಲ್ಲರೂ ಕಾದರು.

"ಮುಂದ್ಲ ಸಂತೆಗೆ ನಾವು ಬರೋದ್ ಬ್ಯಾಡ, ಒಂದು ಕಾಗ್ದ ಬರ್ದ್ರೆ ಸಾಕು," ಎಂದರು. "ಏನಾದ್ರೂ ಬೇಕಾ ಅಂತ. ಅಷ್ಟೆ."

ಹೇಳಿ, ಹನ್ನೊಂದನೆಯದನ್ನು ಕೈಗೆತ್ತಿಕೊಂಡರು. ಶಿವರುದ್ರಮ್ಮ ಅವರ ಲೋಟದ ತುಂಬ ಮಜ್ಜಿಗೆ ಹೊಯ್ದು, ಚಕ್ಕುಲಿ ಅದ್ದಿಕೊಳ್ಳಲು ಹತ್ತಿರ ಇಟ್ಟಳು.