ಶೈಲಶ್ರೀ ಮೆಚ್ಚಿದ ಮಂಚ

ಬೇಗೂರಿನ ಈ ಮನೆಗೆ ಬಂದಾಗ ನನ್ನ ಬಳಿ ಒಂದು ಸೂಟ್‌ಕೇಸು, ಒಂದು ಚಾಪೆ, ಒಂದು ಬಕೆಟ್ಟು ಇದ್ದವು. ಮೊದಲ ಸಂಬಳದಲ್ಲಿ ಗ್ಯಾಸ್ ಒಲೆ ಕೊಂಡೆ. ಎರಡನೆಯ ಸಂಬಳದಲ್ಲಿ ಪ್ಲಾಸ್ಟಿಕ್ ಕುರ್ಚಿ.

ಆ ತಿಂಗಳೇ ಪಕ್ಕದ ಮನೆಗೆ ಶೈಲಶ್ರೀ ಮತ್ತು ವೀರೇಶ್ ಬಂದರು. ಕೊಪ್ಪಳದ ಕಡೆಯವರು, ಮದುವೆಯಾಗಿ ಎರಡು ತಿಂಗಳು. ವೀರೇಶ್ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್. ಅವರ ಬಳಿಯೂ ಏನೂ ಇರಲಿಲ್ಲ. ಆದರೆ ಅವರ ಮನೆಗೆ ಒಂದೊಂದು ಸಾಮಾನು ಬಂದಾಗಲೂ ಅದರ ಜೊತೆ ಒಂದು ಜಗಳ ಬರುತ್ತಿತ್ತು. ನಡುವಿನ ಗೋಡೆ ತೆಳು.

"ಬಕೆಟ್ ಕೆಂಪು ಯಾಕ ತಂದ್ರಿ? ನೀಲಿ ಅಂತ ಹೇಳಿದ್ನೆಲ್ಲ."

"ನೀರಿಗೆ ಬಣ್ಣ ಗೊತ್ತಾಗ್ತೈತೇನ?"

"ನನಗ ಗೊತ್ತಾಗ್ತೈತಿ."

ಆಮೇಲೆ ನಗು.

ನನ್ನ ಬಕೆಟ್ಟು ಯಾವ ಬಣ್ಣದ್ದೆಂದು ಎದ್ದು ಹೋಗಿ ನೋಡಿದೆ. ಹಸಿರು. ಅದನ್ನು ಯಾರೂ ಬೇಡವೆಂದಿರಲಿಲ್ಲ.

ಗಂಡ ರುದ್ರೇಶ್ ತೀರಿಕೊಂಡ ಮೇಲೆ ಹದಿನಾಲ್ಕು ತಿಂಗಳು ನನಗೆ ಏನೂ ಅನ್ನಿಸಿರಲಿಲ್ಲ. ಊಟದ ಹೊತ್ತು ಗಡಿಯಾರ ನೋಡಿದರೆ ಗೊತ್ತಾಗುತ್ತಿತ್ತು, ಹಸಿವಿನಿಂದಲ್ಲ. ಆ ನಗು ಕೇಳಿದಾಗ ಮಾತ್ರ ಎದೆಯ ಕೆಳಗೆ ಏನೋ ಸುಟ್ಟಿತು.

ಒಂದು ಗುರುವಾರ ಶೈಲಶ್ರೀ ಫೋನು ಹಿಡಿದುಕೊಂಡು ಬಂದಳು. "ಅಕ್ಕಾರ, ಇದನ್ನ ನೋಡ್ರಿ. ಸಾಗವಾನಿ ಮಂಚ. ಎಂಟು ಸಾವಿರಕ್ಕ ಕೊಡ್ತಾರಂತ. ಮನಿ ಖಾಲಿ ಮಾಡಾಕತ್ತಾರ."

ಫೋಟೋದಲ್ಲಿ ಇಬ್ಬರು ಮಲಗುವ ತೇಗದ ಮಂಚ. ತಲೆಯ ಕಡೆ ಹಲಗೆಗೆ ಬಳ್ಳಿ ಕೆತ್ತಿದ್ದರು.

"ಇವರಿಗೆ ರವಿವಾರ ಬಿಟ್ರ ರಜಾ ಇಲ್ಲ. ರವಿವಾರ ಬರ್ತೀವಿ ಅಂತ ಹೇಳೇವಿ. ನೆಲದ ಮ್ಯಾಲ ಮಲಗಿ ಇವರ ಬೆನ್ನು ಹಿಡ್ಕೊಂಡೈತಿ," ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

"ಚೆನ್ನಾಗಿದೆ," ಎಂದೆ. ಫೋಟೋದ ಕೆಳಗೆ ಫೋನ್ ನಂಬರಿತ್ತು.

ನನಗೆ ಮಂಚ ಬೇಕಿರಲಿಲ್ಲ. ಅದು ಅವಳಿಗೆ ಸಿಗಬಾರದು, ಅಷ್ಟೇ.

ಆ ನಂಬರಿಗೆ ಫೋನು ಮಾಡಿ ವಿಳಾಸ ಕೇಳಿ, ಶನಿವಾರ ಅರ್ಧ ದಿನ ರಜೆ ಹಾಕಿ ಎಲೆಕ್ಟ್ರಾನಿಕ್ ಸಿಟಿಯಾಚೆಯ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಬಾಗಿಲು ತೆರೆದವರು ಹೇಮಲತಾ, ಐವತ್ತು ದಾಟಿದವರು. ಗಂಡನಿಗೆ ನಿವೃತ್ತಿಯಾಗಿತ್ತು, ದಾವಣಗೆರೆಗೆ ಮರಳುತ್ತಿದ್ದರು. ನಾನು ಹಾವೇರಿಯವಳೆಂದು ಕೇಳಿ ಅವರ ಮುಖ ಅರಳಿತು.

"ನಮ್ಮ ಕಡೇರೇ ಆದಂಗಾತು. ಮನೆಯೋರು ಬರ್ಲಿಲ್ವಾ?"

"ಡ್ಯೂಟಿ," ಎಂದೆ. ಅಷ್ಟು ಸುಲಭವಾಗಿ ಬಂತು.

"ಇನ್ನೊಬ್ರೂ ಕೇಳಿದಾರೆ. ಇರ್ಲಿ ಬಿಡಿ, ನೀವು ಮನೆತನಕ ಬಂದಿದೀರಿ. ಏಳೂವರೆ ಕೊಡಿ. ಹಾಸಿಗೇನೂ ತಗೊಂಡೋಗಿ."

ಒಳಗೆ ಹೋದವರು ತಟ್ಟೆ ಹಿಡಿದು ಬಂದರು. ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಬ್ಲೌಸ್ ಪೀಸು, ಅರಿಶಿನ ಕುಂಕುಮ. ಉಡಿ ತುಂಬಲು.

"ಮಂಚ ಕೊಟ್ಟು ಮುತ್ತೈದೇನ ಬರಿಗೈಲಿ ಕಳಿಸ್ಬಾರ್ದು. ಸೆರಗು ಇಲ್ದಿದ್ರೆ ವೇಲೇ ಒಡ್ಡವ್ವಾ. ಮನೆಯೋರ ಹೆಸರು ಹೇಳು, ಆಮೇಲೆ ತುಂಬ್ತೀನಿ."

ವೇಲು ಒಡ್ಡಿದೆ. ಅವರ ಬೊಗಸೆಯಲ್ಲಿ ಅಕ್ಕಿ ಕಾಯುತ್ತಿತ್ತು. ಯಾವ ಹೆಸರಾದರೂ ಹೇಳಬಹುದಿತ್ತು.

"ರುದ್ರೇಶ್," ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. "ತೀರಿಕೊಂಡು ಹದಿನಾಲ್ಕು ತಿಂಗಳಾಯಿತು."

ಹೇಮಲತಾ ಅಕ್ಕಿಯನ್ನು ಮೆಲ್ಲಗೆ ತಟ್ಟೆಗೆ ಬಿಟ್ಟರು. ಒಂದು ಕಾಳೂ ಕೆಳಗೆ ಬೀಳಲಿಲ್ಲ. "ನಮ್ಮತ್ತೆದು ಒಂದು ಸಣ್ಣ ಮಂಚ ಐತೆ. ಒಬ್ರಿಗೆ ಸಾಕಾಗುತ್ತೆ. ದುಡ್ಡೇನೂ ಬೇಡ," ಎಂದರು.

"ನನಗೆ ದೊಡ್ಡದೇ ಬೇಕು."

"ನಾಳೆ ಬರೋರು ಹೊಸದಾಗಿ ಮದುವೆ ಆದೋರಂತೆ ಕಣಮ್ಮ."

"ಗೊತ್ತು. ನನ್ನ ಪಕ್ಕದ ಮನೆಯವರು. ಅದಕ್ಕೇ ಇವತ್ತು ಬಂದೆ."

ಅವರು ನನ್ನನ್ನು ದಿಟ್ಟಿಸಿದರು. ಬೈಯುತ್ತಾರೆ ಎಂದುಕೊಂಡೆ.

"ನಮ್ಮ ನೆಗೆಣ್ಣಿ, ಮೈದುನನ ಹೆಂಡ್ತಿ, ಮಾಡಿಸ್ಕೊಂಡಿದಾಳೆ ಅಂತ ನಾನು ಹಟ ಹಿಡಿದು ಮಾಡಿಸಿದ ಮಂಚ ಇದು," ಎಂದರು. "ಮೂರು ದಿನ ಊಟ ಬಿಟ್ಟಿದ್ದೆ. ತಗೊಂಡೋಗು. ಎಂಟು ಸಾವಿರ. ಹಾಸಿಗೆ ಕೊಡಲ್ಲ."

ಎಂಟು ಸಾವಿರ ಕೊಟ್ಟೆ.

ಬಿಚ್ಚಿದ ಮಂಚವನ್ನು ಹೊತ್ತ ಟೆಂಪೋ ನಮ್ಮ ಓಣಿಗೆ ಬಂದಾಗ ಸಂಜೆ ಐದು. ಶೈಲಶ್ರೀ ಗೇಟಿನಲ್ಲೇ ನಿಂತಿದ್ದಳು. ಬಳ್ಳಿಯ ಹಲಗೆ ಮೊದಲು ಇಳಿಯಿತು.

"ಅಕ್ಕಾರ, ಇದು ಆ ಮಂಚ ಅಲ್ಲೇನ್ರಿ?"

"ಹೌದು."

ಅವಳ ಮುಖ ಸಣ್ಣದಾಯಿತು. ಅದನ್ನು ನೋಡಲೆಂದೇ ಎರಡು ದಿನ ಕಾದಿದ್ದೆ. ಸುಳ್ಳು ಹೇಳಲಾರೆ, ಹಿತವಾಗಿತ್ತು.

ಡ್ಯೂಟಿ ಮುಗಿಸಿ ಬಂದಿದ್ದ ವೀರೇಶ್ ಮೆಟ್ಟಿಲಿಳಿದು ಬಂದ. ಅವಳು ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಮಂಚವನ್ನು ನೋಡಿದ, ನನ್ನನ್ನು ನೋಡಿದ.

"ಚಲೋ ಆತು ಬಿಡು," ಎಂದ. "ಮೂರು ಮಹಡಿ ಹೊರೋದು ತಪ್ಪಿತು."

"ಈಗ ಅಕ್ಕಾರದು ಯಾರು ಹೊರ್ತಾರ? ನೀವ."

"ಥೂ, ಹೌದಲ್ಲ."

ಅವಳು ನಕ್ಕಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು.

ಟೆಂಪೋದವನೂ ವೀರೇಶನೂ ಒಂದೊಂದೇ ಹಲಗೆ ಹೊತ್ತು ತಂದರು. ಮುಂದೆ ನಡೆದ ಶೈಲಶ್ರೀ ಪ್ರತಿ ತಿರುವಿನಲ್ಲೂ ಗಂಡನಿಗೆ ದಾರಿ ಹೇಳಿದಳು, ಅವನು ಪ್ರತಿ ತಿರುವಿನಲ್ಲೂ ಬೇರೆ ದಾರಿ ಹಿಡಿದ. ಬೋಲ್ಟು ಬಿಗಿಮಾಡುವಾಗ ತಲೆ ಪೂರ್ವಕ್ಕೋ ದಕ್ಷಿಣಕ್ಕೋ ಎಂದು ಇಬ್ಬರಿಗೂ ಮತ್ತೆ ವಾದ.

"ಅಕ್ಕಾರ, ನಿಮಗ ಯಾವ ಕಡೆ ಬೇಕ್ರಿ?"

"ಯಾವ ಕಡೆಯಾದರೂ ಸರಿ."

ವಾದ ಅಲ್ಲಿಗೆ ನಿಂತಿತು. ಅವರ ಮನೆಯ ಕಡೆಯ ಗೋಡೆಗೇ ಒತ್ತಿ ಮಂಚ ಜೋಡಿಸಿ, ಚಹಾ ಕೂಡ ಕುಡಿಯದೆ ಹೋದರು.

ಬರಿಯ ಹಲಗೆಯ ಮೇಲೆ ಕುಳಿತೆ. ಗೋಡೆಯಾಚೆ ಚಾಪೆ ಹಾಸುವ ಸದ್ದು.

"ಸ್ವಲ್ಪ ಹೊತ್ತು ಬೆನ್ನು ಚಾಚ್ತೀನಿ. ನಿನ್ನ ಕಾಲು ನನ್ನ ಮ್ಯಾಲ ಹಾಕಬ್ಯಾಡ."

"ಹಾಕ್ತೀನಿ."

ಎದ್ದು ಮಂಚವನ್ನು ಗೋಡೆಯಿಂದ ದೂರಕ್ಕೆ ಎಳೆದೆ. ಮಂಚದ ಕಾಲು ನೆಲಕ್ಕೆ ಉಜ್ಜಿ ದೊಡ್ಡ ಸದ್ದಾಯಿತು. ಸರಿದದ್ದು ಎರಡು ಬೆರಳು.

ಗೋಡೆಯಾಚೆಯಿಂದ ಶೈಲಶ್ರೀ ಕೂಗಿದಳು.

"ಅಕ್ಕಾರ, ಮಂಚ ಸರಿಸಬೇಕೇನ್ರಿ? ಇವರನ್ನ ಕಳಸಲೇನ್ರಿ?"

"ಬೇಡ," ಎಂದೆ. ಮತ್ತೆ ಎಳೆದೆ.